ನಿದ್ದೆಗಣ್ಣಿನಲ್ಲಿ ಸಿಕ್ಕ ತಾಕು

ಫೋನು ಬಂದಾಗ ಅವನು ಗಾಢ ನಿದ್ದೆಯಲ್ಲಿದ್ದ. ರಾತ್ರಿಯಿಡೀ ಬೇಕರಿಯ ಭಟ್ಟಿಯ ಮುಂದೆ ನಿಂತು, ಬೆಳಗ್ಗೆ ಮನೆಗೆ ಬಂದು, ಹೆಂಡತಿ ಆಗಷ್ಟೇ ಎದ್ದುಹೋದ ಹಾಸಿಗೆಯ ಬಿಸುಪಿನಲ್ಲಿ ಬಿದ್ದುಕೊಂಡರೆ ಮಧ್ಯಾಹ್ನ ಇಳಿಯುವ ತನಕ ಅವನಿಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಕಿಟಕಿಗೆ ಅವಳೇ ಹೊಲಿದ ದಪ್ಪ ಪರದೆ. ಆ ಪರದೆಯ ಕತ್ತಲೆಯೊಳಗೆ ಎಲ್ಲಿಂದಲೋ ಒಂದು ಹೆಣ್ಣುದನಿ ಬಂತು.

“ನಗರಸಭೆಯಿಂದ ಮಾತಾಡ್ತಿರೋದು. ಹಳೇ ಇಟ್ಟಿಗೆ ಕಾರ್ಖಾನೆ ಮೈದಾನದಲ್ಲಿ ತರಕಾರಿ ಬೆಳೆಯೋ ತಾಕು, ಸಣ್ಣ ತುಂಡು ಜಾಗ, ಒಂದು ಖಾಲಿ ಆಗಿದೆ. ನಿಮ್ಮ ಸರದಿ ಬಂದಿದೆ. ಬೇಕಾ, ಬೇಡ್ವಾ?”

ಅವನು ಆಗ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ನೀರಿನ ತುಂಬ ಹಸಿರು ಎಲೆಗಳು ತೇಲುತ್ತಿದ್ದವು. ಬೇಡ ಎನ್ನುವುದಕ್ಕೆ ಒಂದು ಕಾರಣವೂ ಕಾಣಲಿಲ್ಲ.

“ಬೇಕು,” ಎಂದ.

“ಹಾಗಾದ್ರೆ ನಾಳೆ ಸಂಜೆಯೊಳಗೆ ಬಂದು ಬೀಗದ ಕೈ ತಗೊಳ್ಳಿ.”

“ಹೂಂ.”

ಎದ್ದಾಗ ಫೋನು ದಿಂಬಿನ ಕೆಳಗಿತ್ತು. ಅವನು ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹಗಲು ಮಲಗುವವರ ಕನಸುಗಳೇ ಹಾಗೆ, ಅವಕ್ಕೆ ಬಣ್ಣ ಜಾಸ್ತಿ. ಒಮ್ಮೆ ಬೇಕರಿ ಮಾಲೀಕರು ಅವನಿಗೆ ದೋಣಿಯೊಂದನ್ನು ಕೊಟ್ಟು, ಇದರಲ್ಲೇ ಕೆಲಸಕ್ಕೆ ಬಾ ಎಂದಿದ್ದರು.

ಅವನ ಹೆಂಡತಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳದು ಹಗಲು, ಅವನದು ರಾತ್ರಿ. ರಜೆಯ ದಿನಗಳೂ ಬೇರೆ ಬೇರೆ. ಅವರ ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆ, ಒಂದು ಅಡುಗೆಮನೆ. ಸಂಜೆ ಅವಳು ಮೆಟ್ಟಿಲು ಹತ್ತುವಾಗ ಅವನು ಇಳಿಯುತ್ತಿದ್ದ. ಮೆಟ್ಟಿಲು ತಿರುಗುವ ಕಡೆ, ಗಾಜು ಒಡೆದ ಕಿಟಕಿಯ ಬಳಿ ಇಬ್ಬರೂ ನಿಂತು, ಹಾಲು ಇದೆ, ಗ್ಯಾಸ್ ಮುಗೀತಾ ಬಂತು, ನಿಮ್ಮಕ್ಕ ಫೋನ್ ಮಾಡಿದ್ರು, ಇಷ್ಟು ಹೇಳಿ ಮುಗಿಸುತ್ತಿದ್ದರು. ಕಟ್ಟಡದವರು ಅದಕ್ಕೆ ‘ಮೆಟ್ಟಿಲ ಸಂಸಾರ’ ಎಂದು ಹೆಸರಿಟ್ಟಿದ್ದರು. ಆ ಸಂಜೆ ಅವನು ನಗುತ್ತಾ ಹೇಳಿದ:

“ಇವತ್ತು ಒಳ್ಳೇ ತಮಾಷೆ ಕನಸು ಬಿತ್ತು ಕಣೇ. ಯಾರೋ ಫೋನ್ ಮಾಡಿ ಜಮೀನು ಕೊಡ್ತೀವಿ ಅಂದ್ರು. ನಾನೂ ಹೂಂ ಅಂದ್ಬಿಟ್ಟೆ.”

ಅವಳು ಅವನನ್ನು ದಾಟಿ ಒಂದು ಮೆಟ್ಟಿಲು ಹತ್ತಿದ್ದವಳು ಹಾಗೇ ನಿಂತಳು. “ಎಲ್ಲಿ ಜಮೀನು?”

“ಅದೇನೋ ಇಟ್ಟಿಗೆ ಕಾರ್ಖಾನೆ ಮೈದಾನ ಅಂತೆ. ಹೋಗಿ ಬೀಗದ ಕೈ ಬೇರೆ ತಗೋಬೇಕಂತೆ.”

“ರೀ, ಅದು ಕನಸಲ್ಲ!” ಅವಳ ಕೈಯ ಚೀಲ ಜಾರಿತು. “ನಾನೇ ಹೆಸರು ಬರೆಸಿದ್ದೆ. ಮದುವೆ ಆದ ಹೊಸದರಲ್ಲಿ. ಯಾರಾದ್ರೂ ಬಿಟ್ಟು ಹೋದ್ರೆ ಸಿಗುತ್ತೆ, ಇಲ್ಲ ಅಂದ್ರೆ ಇಲ್ಲ ಅಂದಿದ್ರು. ನಿಮಗೂ ಹೇಳಿದ್ದೆ.”

“ನಾನು ಎಚ್ಚರ ಇದ್ನಾ?”

“ಕಣ್ಣು ಬಿಟ್ಟಿದ್ರಿ. ಅಷ್ಟೇ ಗೊತ್ತು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವನಿಗೆ ಹೊತ್ತಾಗುತ್ತಿತ್ತು.

“ಅಲ್ಲ, ನಾವು ಯಾವತ್ತಾದ್ರೂ ಮಣ್ಣು ಮುಟ್ಟಿದೀವಾ?” ಎಂದು ಕೇಳಿದ.

“ಬಿದ್ದಾಗ ಮುಟ್ಟಿದೀವಿ,” ಎಂದಳು ಅವಳು.

ಮರುದಿನ ಅಂಗಡಿಯಿಂದ ಬೇಗ ಬಿಡಿಸಿಕೊಂಡು ಅವಳೇ ಹೋಗಿ ಬೀಗದ ಕೈ ತಂದಳು. ಇಟ್ಟಿಗೆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮೈದಾನದ ಒಂದು ಮೂಲೆಯಲ್ಲಿ ಅರ್ಧ ಉಳಿದ ಹೊಗೆಗೂಡು, ಇನ್ನೊಂದು ಮೂಲೆಯಲ್ಲಿ ಎತ್ತರದ ನೀರಿನ ಟ್ಯಾಂಕು, ಸುತ್ತ ತಂತಿಬೇಲಿ. ನಡುವೆ ಸಾಲಾಗಿ ತಾಕುಗಳು. ಒಂದೊಂದೂ ಕೋಣೆಯಷ್ಟು ಅಗಲ, ಮೊಗಸಾಲೆಯಷ್ಟು ಉದ್ದ. ಜನ ಹಳೆಯ ಬಾಗಿಲು, ತಗಡು, ಕಿಟಕಿ ಚೌಕಟ್ಟುಗಳನ್ನು ಜೋಡಿಸಿ ಪುಟ್ಟ ಪುಟ್ಟ ಗೂಡು ಮಾಡಿಕೊಂಡಿದ್ದರು. ದೂರದಿಂದ ನೋಡಿದರೆ ಒಂದು ಊರನ್ನು ಯಾರೋ ಕಳಚಿ ಮಕ್ಕಳ ಆಟಕ್ಕೆ ಕೊಟ್ಟ ಹಾಗಿತ್ತು.

ಅವರ ತಾಕಿನಲ್ಲಿ ಸೊಂಟದೆತ್ತರ ಕಳೆ. ಅದರ ನಡುವೆ ಕೂರುವ ಹಲಗೆಯೇ ಇಲ್ಲದ ಕುರ್ಚಿ, ಅದರೊಳಗಿಂದ ಮೇಲೆದ್ದ ಒಂದು ಹುಲ್ಲಿನ ತೆನೆ. ಅವಳು ದಾರಿಯಲ್ಲೇ ನಿಂತುಬಿಟ್ಟಳು.

“ಬಾಗಿಲ ಹತ್ರ ನಿಲ್ಲಬೇಡಮ್ಮಾ! ಒಳಗೆ ನಡಿ, ಒಳಗೆ ನಡಿ!”

ಕೂಗಿದ್ದು ಪಕ್ಕದ ತಾಕಿನ ಹೆಂಗಸು. ಜೀವಮಾನವೆಲ್ಲ ಬಸ್ಸಿನಲ್ಲಿ ಟಿಕೆಟು ಹರಿದು ನಿವೃತ್ತರಾದವರು. ಅಲ್ಲಿ ಎಲ್ಲರೂ ಅವರನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು. ಗುಜರಿಯಿಂದ ತಂದ ಬಸ್ ಸೀಟೊಂದನ್ನು ತಗಡಿನ ನೆರಳಿಗೆ ಹಾಕಿಕೊಂಡು, ಕಾಲು ಚಾಚಿ, ಕೋಸು ಬೆಳೆಯುವುದನ್ನು ಕಾಯುತ್ತಿದ್ದರು.

“ಒಬ್ಬಳೇನಾ?”

“ಇಲ್ಲ, ನಮ್ಮನೆಯವ್ರು ಇದಾರೆ. ಬೇಕರಿಲಿ ರಾತ್ರಿ ಪಾಳಿ. ಈಗ ಮಲಗಿರ್ತಾರೆ.”

“ನನ್ನ ಗಂಡನೂ ಮಲಗಿರ್ತಿದ್ದ. ಪಾಳಿ ಇಲ್ದೇನೇ.”

ಅವಳು ಚೀಲ ತೆರೆದು ನೋಡಿದಳು. ಅದರಲ್ಲಿದ್ದದ್ದು ಬಟ್ಟೆ ಕತ್ತರಿ. ಅದನ್ನು ತೆಗೆದು ಕಳೆಯ ಕಡೆಗೆ ನೋಡಿದಳು, ಮತ್ತೆ ಕತ್ತರಿಯನ್ನು ನೋಡಿದಳು. ಕಂಡಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು, ತಮ್ಮ ಕುಡುಗೋಲನ್ನು ಬೇಲಿಯ ಮೇಲಿಂದ ಕೊಟ್ಟರು. “ಜುಟ್ಟು ಹಿಡಿದ ಹಾಗೆ ಹಿಡ್ಕೊಂಡು ಎಳಿ. ಹೆದರಬೇಡ, ಅದೇನೂ ಕೂಗಲ್ಲ.”

ಕತ್ತಲಾಗುವ ಹೊತ್ತಿಗೆ ಅವಳು ಒಂದು ದಿಂಬಿನಷ್ಟು ಜಾಗ ಬರಿದು ಮಾಡಿದ್ದಳು. ಅಷ್ಟೇ. ಆದರೆ ಆ ಕಪ್ಪು ಚೌಕದ ಮೇಲೆ ಅಂಗೈಯಿಟ್ಟಾಗ ಅದು ಬೆಚ್ಚಗಿತ್ತು. ಯಾರೋ ಈಗಷ್ಟೇ ಎದ್ದುಹೋದ ಜಾಗದ ಹಾಗೆ. ಅವಳು ಬಹಳ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತಿದ್ದಳು.

ಅವನು ಮೊದಲ ಸಲ ಅಲ್ಲಿಗೆ ಹೋದದ್ದು ಬೆಳಕು ಹರಿಯುವಾಗ. “ಬರ್ತಾ ನೋಡ್ಕೊಂಡು ಬನ್ನಿ, ಏನೂ ಮಾಡಬೇಡಿ,” ಎಂದು ಅವಳು ಹೇಳಿ ಕಳಿಸಿದ್ದಳು. ಮೈದಾನದ ತುಂಬ ಮಂಜು. ಟ್ಯಾಂಕಿನ ಕಾಲುಗಳು ಕಾಣುತ್ತಿರಲಿಲ್ಲ, ಟ್ಯಾಂಕು ಮಾತ್ರ ಗಾಳಿಯಲ್ಲಿ ನಿಂತಿತ್ತು. ಅವನ ಹುಬ್ಬಿನಲ್ಲಿ, ಕಿವಿಯ ಸಂದಿನಲ್ಲಿ ಇನ್ನೂ ಮೈದಾ. ಆ ಹೊತ್ತಿನಲ್ಲಿ ಅವನ ಕಣ್ಣಿಗೆ ಎಲ್ಲವೂ ಸ್ವಲ್ಪ ಮೆತ್ತಗೆ, ಸ್ವಲ್ಪ ದೂರ ಕಾಣುತ್ತಿದ್ದವು. ಹೆಂಡತಿ ಕಳೆ ಕಿತ್ತು ಬರಿದು ಮಾಡಿದ್ದ ಕಪ್ಪು ಚೌಕವನ್ನು ಕಂಡು, ಅದರ ಮುಂದೆ ಕೂತು, ಒಂದು ಹಿಡಿ ಮಣ್ಣು ತೆಗೆದು ಹಿಸುಕಿದ. ಅದು ಮುದ್ದೆಯಾಗಿ ನಿಂತಿತು. ಬೆರಳಿನಿಂದ ಒತ್ತಿದಾಗ ಪುಡಿಯಾಯಿತು. ನೀರು ಹದವಾಗಿದೆ ಎಂದು ಅವನ ಕೈಗೆ ತಾನಾಗಿಯೇ ತಿಳಿಯಿತು.

ಏನೂ ಮಾಡಬೇಡಿ ಎಂದಿದ್ದಳು. ಕಂಡಕ್ಟರಮ್ಮನ ಗೂಡಿಗೆ ಒರಗಿಸಿದ್ದ ಗುದ್ದಲಿ ಕಂಡಿತು.

ಆಮೇಲೆ ದಿನವೂ ಹಾಗೇ ನಡೆಯಿತು. ಬೆಳಗ್ಗೆ ಅವನು, ಸಂಜೆ ಅವಳು. ಅವನು ಬಿಟ್ಟ ಕಡೆಯಿಂದ ಅವಳು ಶುರು ಮಾಡುವಳು, ಅವಳು ಬಿಟ್ಟ ಕಡೆಯಿಂದ ಅವನು. ಮಣ್ಣಿನಡಿಯಲ್ಲಿ ಬರೀ ಇಟ್ಟಿಗೆ ಚೂರು. ಅವನ್ನು ಆರಿಸಿ ಅಂಚಿಗೆ ಗುಡ್ಡೆ ಹಾಕಿದರು. ಅವನು ಹದ ಮಾಡಿದ ಮಣ್ಣಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಹೋಗುತ್ತಿದ್ದ, ಹಿಟ್ಟು ನಾದಿಟ್ಟ ಹಾಗೆ. ಅವಳು ದಾರ ಕಟ್ಟಿ, ಮಡಿಯ ಅಂಚನ್ನು ಲಂಗದ ಅಂಚಿನ ಹಾಗೆ ನೇರ ಮಾಡುತ್ತಿದ್ದಳು. ಒಂದು ಸಂಜೆ ಮೆತ್ತನೆಯ ಮಣ್ಣಿನಲ್ಲಿ ಅವನ ಹೆಜ್ಜೆಗಳು ಕಂಡವು. ಬಲಗಾಲು ಸ್ವಲ್ಪ ಹೊರಗೆ ತಿರುಗಿದೆ. ಇವರು ಹೀಗೆ ನಡೀತಾರಾ ಎಂದುಕೊಂಡಳು. ಇಷ್ಟು ವರ್ಷ ನೋಡಿದ್ದು ಮೆಟ್ಟಿಲು ಇಳಿಯುವ ನಡಿಗೆಯನ್ನು ಮಾತ್ರ. ಚಪ್ಪಲಿ ಬಿಟ್ಟು ಒಂದು ಹೆಜ್ಜೆಯೊಳಗೆ ತನ್ನ ಕಾಲನ್ನಿಟ್ಟು ನೋಡಿದಳು. ಸುತ್ತ ಇನ್ನೊಂದು ಕಾಲಿಗೆ ಆಗುವಷ್ಟು ಜಾಗ ಉಳಿದಿತ್ತು.

ತೊಂದರೆ ಶುರುವಾದದ್ದು ಬಿತ್ತನೆಯಲ್ಲಿ. ಬೀಜದಂಗಡಿಯವನು ಹೇಳಿದ ಹಾಗೆ ಅವನು ಒಂದು ಮಡಿಯಲ್ಲಿ ಕ್ಯಾರೆಟ್ ಬಿತ್ತಿ, ಮೇಲೆ ಮಣ್ಣು ತೆಳ್ಳಗೆ ಉದುರಿಸಿ, ಅಂಗೈಯಿಂದ ತಟ್ಟಿ ಸಮ ಮಾಡಿ ಮನೆಗೆ ಬಂದು ಮಲಗಿದ. ಅದನ್ನು ಮೆಟ್ಟಿಲ ಮೇಲೆ ಹೇಳಬೇಕೆಂದಿದ್ದವನು ಗ್ಯಾಸ್ ಸಿಲಿಂಡರಿನ ಮಾತಿನಲ್ಲಿ ಮರೆತ. ಸಂಜೆ ಅವಳು ಹೋಗಿ ನೋಡಿದರೆ ಎಷ್ಟು ಚೆಂದದ ಖಾಲಿ ಮಡಿ! ದಾರ ಕಟ್ಟಿ, ಸಾಲು ಹಿಡಿದು, ಹೊಲಿಗೆ ಹಾಕಿದ ಹಾಗೆ ಅಳೆದು ಅಳೆದು ಹುರುಳಿಕಾಯಿ ಬೀಜ ಊರಿದಳು. ಅವಳೂ ಹೇಳಲಿಲ್ಲ. ಮೊಳಕೆ ಬಂದ ಮೇಲೆ ಕರೆದುಕೊಂಡು ಹೋಗಿ ತೋರಿಸಿದರಾಯಿತು ಎಂದಿತ್ತು.

ಹುರುಳಿಕಾಯಿ ಮೊಳಕೆ ಮೊದಲು ಬಂತು. ಕತ್ತು ಬಗ್ಗಿಸಿಕೊಂಡು, ತಲೆಯ ಮೇಲೆ ಮಣ್ಣು ಹೊತ್ತುಕೊಂಡು ಸಾಲಾಗಿ ಎದ್ದಿತು. ಬೆಳಗಿನ ಮಂಜಿನಲ್ಲಿ ಅವನಿಗೆ ಅದು ಯಾವುದೋ ದಪ್ಪ ಕಳೆಯಾಗಿ ಕಂಡಿತು. ತನ್ನ ಕ್ಯಾರೆಟ್ಟಿನ ಅನ್ನ ಕಸಿಯಲು ಬಂದ ಕಳೆ. ಒಂದನ್ನೂ ಬಿಡದೆ ಕಿತ್ತು ಗುಡ್ಡೆ ಹಾಕಿದ. ಅದೇ ಸಂಜೆ ಅವಳು ಬಂದು ಬಾಡಿದ ಗುಡ್ಡೆಯನ್ನು ನೋಡಿ, ಯಾವುದೋ ಪ್ರಾಣಿ ನುಗ್ಗಿದೆ ಎಂದುಕೊಂಡಳು. ಮತ್ತೆ ಊರೋಣವೆಂದು ಮಡಿಯನ್ನು ಶುಚಿ ಮಾಡುವಾಗ, ಅಲ್ಲಲ್ಲಿ ಎದ್ದಿದ್ದ ಕೂದಲಿನಂಥ ಹುಲ್ಲನ್ನು ಕಿತ್ತು ಎಸೆದಳು. ಅದು ಕ್ಯಾರೆಟ್.

ಬೇಲಿಯಾಚೆಯಿಂದ ಎರಡನ್ನೂ ನೋಡಿದ್ದ ಕಂಡಕ್ಟರಮ್ಮ ಅವಳಿಗೆ ಆಗಲೇ, ಅವನಿಗೆ ಮರುದಿನ ಬೆಳಗ್ಗೆ ವಿಷಯ ತಿಳಿಸಿದರು.

ಆ ಸಂಜೆ ಮೆಟ್ಟಿಲ ಮೇಲೆ ಜಗಳವಾಯಿತು.

“ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ?”

“ನೀನು ಹೇಳಿದ್ಯಾ?”

“ಕತ್ತು ಬಗ್ಗಿಸಿಕೊಂಡು ನಿಂತಿದ್ವು ರೀ ಅವು! ಎಳೇ ಮಕ್ಕಳ ಹಾಗಿದ್ವು! ಹೇಗೆ ಮನಸ್ಸು ಬಂತು?”

“ನನ್ನ ಕ್ಯಾರೆಟ್ ಏನು ಪಾಪ ಮಾಡಿತ್ತು? ಅದೂ ಹುಟ್ಟೋಕೇ ಅಷ್ಟು ದಿನ ತಗೊಂಡಿತ್ತು!”

ಕೆಳಗಿನ ಮನೆಯ ಬಾಗಿಲು ತೆರೆಯಿತು. ಮೇಲಿನ ಮನೆಯ ಬಾಗಿಲೂ ತೆರೆಯಿತು. ಅವರಿಬ್ಬರೂ ಮಾತಾಡಿದ್ದನ್ನೇ ಅಷ್ಟಾಗಿ ಕೇಳದಿದ್ದ ಜನ ಜಗಳ ಕೇಳಲು ತುದಿಗಾಲಲ್ಲಿ ನಿಂತರು. ಅವನು ಕೆಲಸಕ್ಕೆ ತಡವಾಗಿ ಹೋದ. ದಾರಿಯುದ್ದಕ್ಕೂ ಅವನಿಗೆ ಅವಳ ಮುಖವೇ ಕಾಣುತ್ತಿತ್ತು. ಸಿಟ್ಟಿನಲ್ಲಿ ಅವಳ ಎಡಹುಬ್ಬು ಮೇಲೇರುತ್ತದೆ ಎನ್ನುವುದು ಅವನಿಗೆ ಮರೆತೇಹೋಗಿತ್ತು.

ಅಲ್ಲಿಂದ ಮುಂದೆ, ಕುಂಬಳ, ಟೊಮ್ಯಾಟೊ ಹಾಕಿದ ಮೇಲೆ, ಇಬ್ಬರೂ ಹೇಳಬೇಕಾದ್ದನ್ನು ಕಂಡಕ್ಟರಮ್ಮನ ಬಳಿ ಹೇಳಿಬಿಟ್ಟು ಹೋಗತೊಡಗಿದರು. ಆಕೆ ಬೆಳಗ್ಗೆಯೂ ಅಲ್ಲೇ, ಸಂಜೆಯೂ ಅಲ್ಲೇ. ಆದರೆ ಆಕೆಯ ಕಿವಿ ಅಷ್ಟಕ್ಕಷ್ಟೇ, ಧೈರ್ಯ ಮಾತ್ರ ಬೇಕಾದಷ್ಟು. “ಕುಂಬಳಕ್ಕೆ ಎಲೆ ಮೇಲೆ ನೀರು ಬೇಡ, ಬುಡಕ್ಕೆ ಹಾಕು ಅನ್ನಿ,” ಎಂದು ಅವನು ಹೇಳಿದರೆ, ಸಂಜೆಗೆ ಅದು “ಕುಂಬಳಕ್ಕೆ ನೀರೇ ಬೇಡ ಅಂದ” ಎಂದಾಗಿತ್ತು. “ಟೊಮ್ಯಾಟೊಗೆ ಕಡ್ಡಿ ಕಟ್ಟೋಕೆ ಹೇಳಿ,” ಎಂದು ಅವಳು ಹೇಳಿದರೆ, ಬೆಳಗ್ಗೆ ಅವನಿಗೆ ಸಿಕ್ಕ ಸುದ್ದಿ “ಟೊಮ್ಯಾಟೊ ಕಟ್ ಮಾಡಬೇಕಂತೆ.” ಅವನು ಮನಸ್ಸಿಲ್ಲದ ಮನಸ್ಸಿನಿಂದ ಅರ್ಧ ಗಿಡಗಳ ತಲೆ ಕತ್ತರಿಸಿದ. ಕುಂಬಳದ ಬಳ್ಳಿ ಒಣಗಿದ ಬಟ್ಟೆಯ ಹಾಗೆ ನೆಲಕ್ಕೆ ಬಿತ್ತು.

ಕೊನೆಗೊಂದು ಸಂಜೆ ಕಂಡಕ್ಟರಮ್ಮನೇ ರೇಗಿದರು. “ನಾನೇನು ಪೋಸ್ಟಾಫೀಸಾ? ನನ್ನ ಕೋಸಿಗೆ ಹುಳ ಬಿದ್ದಿದೆ, ಅದನ್ನ ನೋಡೋಕೆ ಪುರುಸೊತ್ತಿಲ್ಲ ನಂಗೆ. ಗಂಡ ಹೆಂಡತಿ ಒಂದ್ಸಲ, ಒಂದೇ ಒಂದ್ಸಲ, ಒಟ್ಟಿಗೆ ಬಂದು ಮಾತಾಡ್ಕೊಳ್ಳಿ. ಆಮೇಲೆ ಬೇಕಾದ್ರೆ ಹೊಡೆದಾಡ್ಕೊಳ್ಳಿ.”

ಹಾಗಾಗಿ ಅವಳು ಒಂದು ಬೆಳಗ್ಗೆ ಬೇಗ ಎದ್ದು, ಹಾಸಿಗೆಯನ್ನು ಅವನಿಗೆ ಬಿಟ್ಟುಕೊಡದೆ ನೀಟಾಗಿ ಮಡಚಿಟ್ಟು, ಇಟ್ಟಿಗೆ ಮೈದಾನಕ್ಕೆ ನಡೆದಳು. ಆ ಹೊತ್ತಿನಲ್ಲಿ ಅವಳು ಊರನ್ನು ನೋಡಿಯೇ ಇರಲಿಲ್ಲ. ಅಂಗಡಿಗಳ ಬಾಗಿಲು ಮುಚ್ಚಿತ್ತು. ರಸ್ತೆ ತುಂಬ ಬ್ರೆಡ್ಡಿನ ವಾಸನೆ. ಇದು ಅವರ ಕೈಯ ವಾಸನೆ ಎಂದುಕೊಂಡಾಗ ಊರಿಗೆ ಊರೇ ತನಗೆ ಹತ್ತಿರದ್ದು ಎನಿಸಿತು.

ತಂತಿಬೇಲಿಯ ಬಾಗಿಲು ತೆರೆದಾಗ ಮೊದಲು ಕಂಡದ್ದು ಹಳದಿ. ಮಂಜಿನೊಳಗೆ ಅಲ್ಲೊಂದು ಇಲ್ಲೊಂದು ದೀಪ ಹಚ್ಚಿಟ್ಟ ಹಾಗೆ ಹಳದಿ. ಹತ್ತಿರ ಹೋಗಿ ನೋಡಿದರೆ ಕುಂಬಳದ ಹೂ, ಅಂಗೈಗಿಂತ ದೊಡ್ಡವು, ಬಾಯಿ ಪೂರ್ತಿ ತೆರೆದು ನಿಂತಿವೆ. ಒಳಗೆ ಜೇನುಹುಳ ಉರುಳಾಡುತ್ತಿವೆ. ನೀರು ಸಿಕ್ಕಿದ್ದೇ ಬಳ್ಳಿ ಚೇತರಿಸಿಕೊಂಡಿತ್ತು. ಸಂಜೆ ಹೊತ್ತು ಬಂದಾಗ ಅವಳು ನೋಡುತ್ತಿದ್ದದ್ದು ಹಿಂಡಿ ಇಟ್ಟ ಕರವಸ್ತ್ರದಂತೆ ಮುದುಡಿದ ಹೂಗಳನ್ನು. ಅವು ಅರಳುವುದೇ ಇಲ್ಲ, ಏನೋ ರೋಗ ಎಂದು ನಂಬಿಕೊಂಡಿದ್ದಳು. ತನ್ನ ತೋಟದಲ್ಲೇ ತಾನು ಕಾಣದ ಹೊತ್ತೊಂದು ಇತ್ತು, ಆ ಹೊತ್ತಿನಲ್ಲಿ ಎಲ್ಲವೂ ಅರಳಿ ನಿಂತಿರುತ್ತಿತ್ತು.

ಆಚೆ ಕಡೆ, ಎರಡನೇ ಸಲ ಊರಿದ ಹುರುಳಿಕಾಯಿಯ ಸಾಲಿನಲ್ಲಿ ಅವನು ಮೊಣಕಾಲೂರಿ ಕೂತಿದ್ದ. ಬೆನ್ನು ಅವಳ ಕಡೆಗಿತ್ತು. ಬಳ್ಳಿಗಳಿಗೆ ಕಡ್ಡಿ ಕಟ್ಟುತ್ತಾ ಅವುಗಳ ಜೊತೆ ಮಾತಾಡುತ್ತಿದ್ದ. ಅವಳು ಹೆಜ್ಜೆ ಸಪ್ಪಳ ಮಾಡದೆ ನಿಂತಳು.

“…ಇವತ್ತು ಯೀಸ್ಟ್ ಹಳೇದು ಬಂದಿತ್ತು. ಹಿಟ್ಟು ಏಳಲೇ ಇಲ್ಲ. ಮಾಲೀಕರು ನನ್ನನ್ನ ಬೈದ್ರು. ನನ್ನನ್ನೇ ಎಬ್ಬಿಸಿಕೊಳ್ಳೋಕೆ ನಂಗಾಗಲ್ಲ, ಹಿಟ್ಟನ್ನ ಎಲ್ಲಿಂದ ಎಬ್ಬಿಸಲಿ? ಹೋದ ವಾರ ಕೈ ಬೇರೆ ಸುಟ್ಕೊಂಡೆ. ನಿಂತಲ್ಲೇ ತೂಕಡಿಸಿಬಿಟ್ಟಿದ್ದೆ, ಭಟ್ಟಿ ತಟ್ಟೆ ತಾಗ್ತು. ಅವಳಿಗೆ ಹೇಳಿಲ್ಲ. ಮೆಟ್ಟಿಲ ಮೇಲೆ ನಿಂತು ಹೇಳೋ ಮಾತಾ ಅದು? ಹೇಳಿದ್ರೆ ಅವಳು ಸಂಜೆಯೆಲ್ಲಾ ಒಬ್ಬಳೇ ಕೂತು ಯೋಚನೆ ಮಾಡ್ತಾಳೆ. ನಿಮಗಾದ್ರೆ ಪರವಾಗಿಲ್ಲ. ಕೇಳಿಸ್ತಾ?”

“ಕೇಳಿಸ್ತು,” ಎಂದಳು ಅವಳು.

ಅವನು ತಿರುಗಲಿಲ್ಲ. ಹುರುಳಿಕಾಯಿ ಬಳ್ಳಿ ಮಾತಾಡಿದ್ದು ಅವನಿಗೆ ಅಂಥ ಆಶ್ಚರ್ಯವೆನಿಸಲಿಲ್ಲ. ಆ ಹೊತ್ತಿನಲ್ಲಿ ಯಾವುದು ಬೇಕಾದರೂ ಆಗಬಹುದಿತ್ತು. ಇನ್ನೊಂದು ಗಂಟು ಹಾಕಿ, ಆಮೇಲೆ ನಿಧಾನಕ್ಕೆ ಕತ್ತು ತಿರುಗಿಸಿದ.

“ನೀನು ಬಂದಿದೀಯಾ, ಇಲ್ಲಾ ನಾನು ಮಲಗಿದೀನಾ?”

ಅವಳು ಹತ್ತಿರ ಬಂದು, ಒಂದು ಹಿಡಿ ಒದ್ದೆ ಮಣ್ಣು ತೆಗೆದು, ಅವನ ಅಂಗಿಯ ಕಾಲರಿನೊಳಗೆ ಬಿಟ್ಟಳು. ಅವನು ಕಿರುಚಿದ. ಬೇಲಿಯಾಚೆ ಬಸ್ ಸೀಟು ಕಿರ್ರೆಂದಿತು.

ಅವಳು ಅವನ ಅಂಗಿಯ ತೋಳು ಮಡಚಿದಳು. ಮುಂಗೈಯ ಮೇಲೆ ಅರ್ಧ ಮಾಗಿದ ಕೆಂಪು ಪಟ್ಟಿ. ಅದನ್ನು ಮುಟ್ಟದೆ, ಅದರ ಪಕ್ಕದಲ್ಲಿ ಬೆರಳಿಟ್ಟುಕೊಂಡು ಕೂತಳು. ಬೈಯಬೇಕು ಎಂದು ಬಾಯಿ ತೆರೆದವಳಿಗೆ ಬೇರೆಯೇ ಮಾತು ಬಂತು.

“ನಾನು ಮನೆಗೆ ಬಂದ ತಕ್ಷಣ ರೇಡಿಯೋ ಹಾಕ್ತೀನಿ, ಗೊತ್ತಾ? ಹಾಡು ಕೇಳೋಕಲ್ಲ. ಯಾರಾದ್ರೂ ಮಾತಾಡ್ತಾ ಇರಲಿ ಅಂತ. ಹವಾಮಾನ ಹೇಳೋವರೆಗೂ ಕೇಳ್ತೀನಿ.”

“ಹವಾಮಾನ ಹೇಗಿದೆ?” ಎಂದ ಅವನು.

“ಮಂಜು,” ಎಂದಳು ಅವಳು. ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೂ ಅವರು ಎದ್ದೇಳಲಿಲ್ಲ. ಹುರುಳಿಕಾಯಿ ಬಳ್ಳಿಗಳು ಕಡ್ಡಿ ಸಿಕ್ಕ ಸಂತೋಷಕ್ಕೆ ತುದಿಯನ್ನು ಗಾಳಿಯಲ್ಲಿ ಸುತ್ತಿಸುತ್ತಿದ್ದವು. ಮಂಜು ಕರಗಿ ಟ್ಯಾಂಕಿಗೆ ಒಂದೊಂದಾಗಿ ಕಾಲು ಮೂಡಿದವು.

ಅಂದು ಅವಳು ಅಂಗಡಿಗೆ ತಡವಾಗಿ ಹೋಗಿ, ಮೇಲ್ವಿಚಾರಕಿಯನ್ನು ಕೇಳಿಯೇಬಿಟ್ಟಳು. “ದಿನಾ ಒಂದು ಗಂಟೆ ತಡವಾಗಿ ಬರ್ತೀನಿ ಮೇಡಂ. ಸಂಜೆ ಅಷ್ಟೇ ಹೊತ್ತು ಜಾಸ್ತಿ ಕೂರ್ತೀನಿ.”

“ಕಾರಣ?”

“ತರಕಾರಿ ತೋಟ ಮಾಡಿದೀವಿ.”

ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡಿದರು. “ಅಂಗಡೀಲಿ ಸಿಗಲ್ವಾ ತರಕಾರಿ?”

“ಸಿಗುತ್ತೆ ಮೇಡಂ. ಆದ್ರೆ ಅದಕ್ಕೆ ನಾವಿಬ್ರೂ ಒಟ್ಟಿಗೆ ಹೋಗೋಕಾಗಲ್ಲ.”

ಮೇಲ್ವಿಚಾರಕಿಗೆ ಅರ್ಥವಾಯಿತೋ ಇಲ್ಲವೋ, ಒಪ್ಪಿದರು. ಹಾಗಾಗಿ ಮೆಟ್ಟಿಲ ಮೇಲಿನ ಭೇಟಿ ನಿಂತುಹೋಯಿತು. ಮೊದಲ ಸಂಜೆ ಇಳಿಯುವಾಗ ಅವನು ಅಭ್ಯಾಸಬಲದಿಂದ ಒಡೆದ ಕಿಟಕಿಯ ಬಳಿ ನಿಂತ. ಕೆಳಗಿನಿಂದ ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ತನಗೆ ತಾನೇ ನಕ್ಕು ಇಳಿದುಹೋದ. ಬೆಳಗಿಗೆ ಇನ್ನು ಎಷ್ಟು ಹೊತ್ತು ಎಂದು ಭಟ್ಟಿಯ ಮುಂದೆ ನಿಂತು ಅವನು ಆಗಾಗ ಬಾಗಿಲ ಕಡೆ ನೋಡುತ್ತಿದ್ದ.

ಆ ಬೆಳಗುಗಳು ಹೇಗಿದ್ದವು ಎಂದು ಅವರನ್ನು ಕೇಳಿದರೆ ಇಬ್ಬರೂ ಸರಿಯಾಗಿ ಹೇಳಲಾರರು. ಅವನು ಅರ್ಧ ನಿದ್ದೆಗೆ ಜಾರುತ್ತಿದ್ದ, ಅವಳು ಅರ್ಧ ನಿದ್ದೆಯಿಂದ ಏಳುತ್ತಿದ್ದಳು. ನಡುವೆ ಎಲ್ಲೋ ಇಬ್ಬರೂ ಸಂಧಿಸುತ್ತಿದ್ದರು. ಅವನು ತಳ ಸೀದ ಬನ್ನುಗಳನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದ, ಅವಳು ಫ್ಲಾಸ್ಕಿನಲ್ಲಿ ಚಹಾ. ಇಟ್ಟಿಗೆ ಗುಡ್ಡೆಯನ್ನು ಸಮ ಮಾಡಿ ಅದರ ಮೇಲೆ ಕೂತು, ಎಲೆಯಿಂದ ಎಲೆಗೆ ಇಬ್ಬನಿ ಜಾರುವುದನ್ನು ನೋಡುತ್ತಿದ್ದರು. ಕೆಲವೊಮ್ಮೆ ಅವನು ವಾಕ್ಯದ ನಡುವೆ ನಿದ್ದೆ ಹೋಗುತ್ತಿದ್ದ. ಅವಳು ಅವನ ಕೈಯ ಲೋಟವನ್ನು ಮೆಲ್ಲಗೆ ತೆಗೆದಿಟ್ಟು, ಕಳೆ ಕೀಳುತ್ತಾ, ಮಿಕ್ಕ ವಾಕ್ಯಕ್ಕಾಗಿ ಕಾಯುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಅವನು ಕಣ್ಣುಬಿಟ್ಟು ಬಿಟ್ಟ ಕಡೆಯಿಂದಲೇ ಮುಂದುವರಿಸುತ್ತಿದ್ದ.

ಬೆಳೆ ಮಾತ್ರ ಹೇಳಿಕೊಳ್ಳುವ ಹಾಗಿರಲಿಲ್ಲ. ಮೂಲಂಗಿಯನ್ನು ಕೀಳಲು ಮನಸ್ಸಾಗದೆ ಬಿಟ್ಟು ಬಿಟ್ಟು ಅದು ಮರದ ತುಂಡಾಯಿತು. ಕ್ಯಾರೆಟ್ ಮತ್ತೆ ಬಿತ್ತಿದಾಗ ಕೈಬಿಟ್ಟು ಸುರಿದಿದ್ದರಿಂದ ಸಸಿಗಳು ಒಂದರ ಮೈಮೇಲೆ ಒಂದು ಬಿದ್ದಿದ್ದವು. ಕಿತ್ತು ತೆಳುವು ಮಾಡಬೇಕು ಎಂದಾಗ ಅವಳ ಕೈಯೇ ಏಳಲಿಲ್ಲ.

“ಬದುಕಿರೋದನ್ನ ಕಿತ್ತು ಹಾಕೋದಾ?”

“ಇರೋ ಸೀಟಿಗಿಂತ ಜನ ಜಾಸ್ತಿ ಹತ್ತಿಸ್ಕೊಂಡು ನೀನು ಎಲ್ಲಿಗೆ ಬಸ್ ಬಿಡ್ತೀಯಮ್ಮಾ?” ಎಂದು ಕಂಡಕ್ಟರಮ್ಮ ಗದರಿ, ಬೇಲಿಯ ಮೇಲಿಂದ ಬಗ್ಗಿ ತಾವೇ ಕಿತ್ತರು. ಕಿತ್ತದ್ದರಲ್ಲಿ ಒಳ್ಳೆಯವೇ ಜಾಸ್ತಿ ಇದ್ದವು. ಟೊಮ್ಯಾಟೊ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದು ಕೊಳೆತವು. ಹುರುಳಿಕಾಯಿ ಒಂದು ಮಾತ್ರ ಕೈಹಿಡಿಯಿತು. ಅದು ಎಷ್ಟು ಬಿಟ್ಟಿತೆಂದರೆ ಪರದೆ ಅಂಗಡಿಯ ಎಲ್ಲರ ಮನೆಯಲ್ಲೂ ಹುರುಳಿಕಾಯಿ, ಬೇಕರಿಯ ಎಲ್ಲರ ಮನೆಯಲ್ಲೂ ಹುರುಳಿಕಾಯಿ. ಕೊನೆಕೊನೆಗೆ ಅವರನ್ನು ಕಂಡರೆ ಜನ ಬೇರೆ ದಾರಿ ಹಿಡಿಯತೊಡಗಿದರು.

ಮಳೆ ನಿಂತು ಬಿಸಿಲು ಎಳಸಾಗಿದ್ದ ಒಂದು ಬೆಳಗ್ಗೆ ಅವನು ಬನ್ನಿನ ಪೊಟ್ಟಣ ಬಿಚ್ಚದೆ ಕೂತ.

“ಏನಾಯ್ತು?”

“ಕೇಕ್ ಮಾಡೋನು ಸ್ವಂತ ಅಂಗಡಿ ಇಡ್ತಾನಂತೆ. ಆ ಜಾಗಕ್ಕೆ ನನ್ನನ್ನ ಬಾ ಅಂತಿದಾರೆ ಮಾಲೀಕರು.” ಪೊಟ್ಟಣವನ್ನು ಕೆಳಗಿಟ್ಟು ಹೇಳಿದ, “ಹಗಲು ಪಾಳಿ. ಬೆಳಗ್ಗೆ ಬೇಗ ಹೋಗಬೇಕು, ಸಂಜೆಗೆ ಬಿಡ್ತಾರೆ.”

ಇದನ್ನು ಅವನು ಎಷ್ಟು ವರ್ಷದಿಂದ ಕೇಳುತ್ತಿದ್ದನೋ. ಇಬ್ಬರೂ ಇದಕ್ಕಾಗಿ ಕಾದಿದ್ದರು, ಕಾದು ಕಾದು ಕಾಯುವುದನ್ನೇ ಮರೆತಿದ್ದರು. ಈಗ ಬಂದಿದೆ. ಅವಳು ಸಂತೋಷಪಡಬೇಕು ಎಂದುಕೊಂಡಳು. ಆದರೆ ಕಣ್ಣು ಕುಂಬಳದ ಹೂಗಳ ಕಡೆ, ಇಬ್ಬನಿಯ ಕಡೆ, ಆವಿಯಾಡುವ ಎರಡು ಲೋಟಗಳ ಕಡೆ ಹೋಯಿತು.

“ಬೇಡ ಅಂದ್ಬಿಡಲಾ?” ಎಂದ ಅವನು. ಅವನೂ ಅಲ್ಲೇ ನೋಡುತ್ತಿದ್ದ.

“ತಲೆ ಕೆಟ್ಟಿದೆಯಾ ನಿಮಗೆ? ಇನ್ನೊಂದು ಸಲ ಕೈ ಸುಟ್ಕೋಬೇಕಾ?”

“ಈ ಹೊತ್ತು ಹೋಗುತ್ತಲ್ಲ.”

“ಹೋಗುತ್ತೆ.” ಅವಳು ಹೇಳಿದಳು. “ಹೋಗ್ಲಿ. ನಾನೂ ಮೊದಲಿನ ಹೊತ್ತಿಗೇ ಕೆಲಸಕ್ಕೆ ಹೋಗಿ ಬೇಗ ಬರ್ತೀನಿ. ಸಂಜೆ ಇದೆಯಲ್ಲ.”

ಅವನು ಯೋಚಿಸಿ ಕೇಳಿದ, “ಸಂಜೆ ಹೊತ್ತು ಈ ಜಾಗ ಹೇಗಿರುತ್ತೆ?”

ಆಗ ಅವಳಿಗೆ ಹೊಳೆಯಿತು, ಅವನು ತನ್ನ ತೋಟವನ್ನು ಸಂಜೆಯ ಬೆಳಕಿನಲ್ಲಿ ನೋಡಿಯೇ ಇರಲಿಲ್ಲ. ರಜೆಯ ದಿನವೂ ಅವನು ಬರುತ್ತಿದ್ದದ್ದು ಬೆಳಗ್ಗೆಯೇ. “ನಾನ್ಯಾಕೆ ಹೇಳಲಿ? ಬಂದು ನೋಡಿ,” ಎಂದಳು.

ಹಗಲು ಪಾಳಿ ಶುರುವಾದ ಮೊದಲ ದಿನ ಅವನು ಕೇಕಿನ ಕೆನೆ ಮೆತ್ತಿದ ಅಂಗಿಯಲ್ಲೇ ನೇರ ಮೈದಾನಕ್ಕೆ ಬಂದ. ಬೇಲಿಯ ಬಾಗಿಲಲ್ಲಿ ನಿಂತು, ತಪ್ಪಿ ಬೇರೆಲ್ಲೋ ಬಂದೆನೇ ಎಂದುಕೊಂಡ. ಹೊಗೆಗೂಡಿನ ನೆರಳು ಉದ್ದಕ್ಕೆ ಬಿದ್ದು ತಾಕುಗಳನ್ನೆಲ್ಲ ದಾಟಿ ಹೋಗಿತ್ತು. ಬೆಳಗ್ಗೆ ಬೂದಿಬಣ್ಣದಲ್ಲಿದ್ದ ಕೋಸು ನೀಲಿಯಾಗಿತ್ತು, ಮಣ್ಣು ಕೆಂಪಗೆ ಹೊಳೆಯುತ್ತಿತ್ತು. ಟ್ಯಾಂಕಿನ ಸುತ್ತ ಪುಟ್ಟ ಹಕ್ಕಿಗಳ ಹಿಂಡು ಒಂದೇ ಸಮನೆ ಸುತ್ತುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಜನ. ಬೆಳಗ್ಗೆ ಕಂಡಕ್ಟರಮ್ಮನೊಬ್ಬರನ್ನು ಬಿಟ್ಟರೆ ಯಾರೂ ಇರದ ಜಾಗದಲ್ಲಿ ಈಗ ಪ್ರತಿ ಸಾಲಿನಲ್ಲೂ ಒಂದು ಬಗ್ಗಿದ ಬೆನ್ನು. ಈರುಳ್ಳಿ ಬಿಟ್ಟು ಬೇರೇನೂ ಬೆಳೆಯದ ಅಂಚೆಯವನು, ಒಂದೇ ಕೊಡೆಯಡಿ ಕೂತು ಬಟಾಣಿ ಸುಲಿಯುವ ಇಬ್ಬರು ಅಕ್ಕತಂಗಿಯರು. ಎಲ್ಲರೂ ತಲೆಯೆತ್ತಿ ಅವನನ್ನು ನೋಡಿದರು.

“ನೀವೇನಾ ಆ ಯಜಮಾನ್ರು?” ಅಂಚೆಯವನು ಕೇಳಿದ. “ನಾವು ಇವರು ಸುಮ್ಸುಮ್ನೆ ಹೇಳ್ತಾರೆ ಅಂದ್ಕೊಂಡಿದ್ವಿ.”

“ನಾನು ಹೇಳ್ಲಿಲ್ವಾ, ಇದಾನೆ ಅಂತ!” ಕಂಡಕ್ಟರಮ್ಮ ಸೀಟಿನಿಂದಲೇ ಕೂಗಿದರು. “ನೀವೆಲ್ಲಿ ನನ್ನ ಮಾತು ನಂಬ್ತೀರಾ!”

ಅವಳು ಆಲೂಗಡ್ಡೆಯ ಮೂಲೆಯಲ್ಲಿ ಕಾಯುತ್ತಿದ್ದಳು. ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತಿದ್ದ ನಾಲ್ಕಾರು ಗಡ್ಡೆಗಳನ್ನು ಬಹಳ ಹಿಂದೆ ಅಲ್ಲಿ ಹುಗಿದಿದ್ದರು. ಗಿಡ ಒಣಗಿ ನೆಲಕ್ಕೆ ಒರಗಿತ್ತು. ಗುದ್ದಲಿ ಹಾಕಿದರೆ ಗಡ್ಡೆ ಕೊಯ್ದುಹೋಗುತ್ತದೆ ಎಂದು ಅವಳು ಕೈಯಲ್ಲೇ ಕೆದಕತೊಡಗಿದಳು. ಅವನು ಎದುರಿಗೆ ಕೂತ. ಮೊದಲು ಬರೀ ಮಣ್ಣು. ಆಮೇಲೆ ಇಟ್ಟಿಗೆ ಚೂರು. ಆಮೇಲೆ ಅವಳ ಬೆರಳಿಗೆ ನುಣ್ಣಗೆ, ತಣ್ಣಗೆ ಏನೋ ತಗಲಿತು. ಎಳೆದಾಗ ಮೊಟ್ಟೆಯಷ್ಟು ದೊಡ್ಡದೊಂದು ಆಲೂಗಡ್ಡೆ ಬಂತು, ಬೆಳ್ಳಗೆ, ಸಿಪ್ಪೆ ಇನ್ನೂ ಕಾಗದದಷ್ಟು ತೆಳು.

“ಇನ್ನೂ ಇದೆ,” ಎಂದ ಅವನು ಪಿಸುಮಾತಿನಲ್ಲಿ, ಜೋರಾಗಿ ಹೇಳಿದರೆ ಓಡಿಹೋಗುವ ಹಾಗೆ.

ಇಬ್ಬರೂ ಮೊಣಕೈತನಕ ಮಣ್ಣಿನಲ್ಲಿ ಕೈ ಹಾಕಿ ಹುಡುಕಿದರು. ಒಮ್ಮೊಮ್ಮೆ ಗಡ್ಡೆ ಸಿಕ್ಕಿತು, ಒಮ್ಮೊಮ್ಮೆ ಒಬ್ಬರ ಬೆರಳು ಇನ್ನೊಬ್ಬರಿಗೆ ಸಿಕ್ಕಿತು. ಹಾಗೆ ಸಿಕ್ಕಾಗ ಯಾರೂ ಬೇಗ ಬಿಡಲಿಲ್ಲ. ಬೆಳಕು ಬೆಲ್ಲದ ಬಣ್ಣಕ್ಕೆ ತಿರುಗಿ, ಆಮೇಲೆ ನೇರಳೆಯಾಗಿ, ಆಮೇಲೆ ಹೊಗೆಯ ಹಾಗಾಯಿತು. ಚೀಲದ ಅರ್ಧವೂ ತುಂಬಲಿಲ್ಲ. ಅದರಲ್ಲೇ ಒಂದು ಪಾಲು ಕಂಡಕ್ಟರಮ್ಮನಿಗೆ ಹೋಯಿತು. ಆಕೆ ಒಂದೊಂದನ್ನೂ ತಿರುಗಿಸಿ ನೋಡಿ, “ಮುಂದಿನ ಸಲ ಸ್ವಲ್ಪ ಆಳಕ್ಕೆ ಹಾಕಿ,” ಎಂದರು. ಅದು ಸರಿಯೋ ತಪ್ಪೋ ಅವರಿಗೆ ತಿಳಿಯಲಿಲ್ಲ. ಇಬ್ಬರೂ ಆಗಲಿ ಎಂದು ತಲೆಯಾಡಿಸಿದರು.

ಬೇಲಿಯ ಬಾಗಿಲು ಹಾಕಿ ಹೊರಟರು. ಚೀಲದ ಒಂದು ಹಿಡಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಮುಖ್ಯರಸ್ತೆ ಹಿಡಿದರೆ ಮನೆ ಹತ್ತಿರ. ಕಾಲುವೆ ಪಕ್ಕದ ದಾರಿ ಸುತ್ತು. ಕವಲಿನಲ್ಲಿ ಅವನು ಒಂದು ಕ್ಷಣ ನಿಂತು ಅವಳ ಮುಖ ನೋಡಿದ.

“ನಿದ್ದೆ ಬರ್ತಿದೆಯಾ?” ಅವಳು ಕೇಳಿದಳು.

“ಇಲ್ಲ ಕಣೇ,” ಎಂದ ಅವನು, ತನಗೇ ಆಶ್ಚರ್ಯವಾದವನಂತೆ. “ಒಂಚೂರೂ ಇಲ್ಲ.”

ಕಾಲುವೆಯ ನೀರಿನಲ್ಲಿ ಬೀದಿದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಅವರು ಸುತ್ತು ದಾರಿಯನ್ನೇ ಹಿಡಿದರು.